ಏರ್ ಆಂಬ್ಯುಲೆನ್ಸ್ ಕರೆಯುವ ಮೊದಲು

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಊರವರ ಮುಂದೆ ಮಾಡಿದ ಮಾತಿನ ಬರಹ ರೂಪ. ಮಾತನಾಡಿದವರು ತೀವ್ರ ನಿಗಾ ವಿಭಾಗದ ವೈದ್ಯರು.)

ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲ ಪ್ರಶ್ನೆ, "ಮಂಗಳೂರಿಗೆ ಕೊಂಡುಹೋಗುವುದಾ?" ಈಗೀಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. "ಡಾಕ್ಟ್ರೇ, ಏರ್ ಆಂಬ್ಯುಲೆನ್ಸ್ ಮಾಡಿದ್ರೆ ಹೇಗೆ? ದುಡ್ಡು ಹೇಗಾದರೂ ಹೊಂದಿಸ್ತೇವೆ." ಹೀಗೆ ಕೇಳುವವರಲ್ಲಿ ಶ್ರೀಮಂತರು ಕಡಿಮೆ. ತೋಟ ಅಡವಿಟ್ಟು, ಚಿನ್ನ ಮಾರಿ, ಗಲ್ಫಿನಲ್ಲಿರುವ ತಮ್ಮನಿಗೆ ಫೋನು ಮಾಡಿ ದುಡ್ಡು ಒಟ್ಟು ಮಾಡುವವರೇ ಜಾಸ್ತಿ. ಯೋಚನೆ ಮಾಡಲು ಅವರಿಗೆ ಒಂದು ಗಂಟೆಯೂ ಸಿಗುವುದಿಲ್ಲ. ಆ ಗಂಟೆಯಲ್ಲಿ ಗೊತ್ತಿರಬೇಕಾದ ಸಂಗತಿಗಳನ್ನು ಇವತ್ತು, ಯಾರಿಗೂ ಅವಸರ ಇಲ್ಲದಾಗ, ಹೇಳಿಬಿಡಬೇಕು ಅಂತ ನನ್ನ ಆಸೆ.

ವಿಮಾನ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ರೋಗಿಗೆ ಅದೊಂದು ಕಷ್ಟದ ದಾರಿ, ಕೆಲವರಿಗಂತೂ ರಸ್ತೆಗಿಂತ ಕಷ್ಟ. ಆ ದಾರಿಯನ್ನು ಅವರು ದಾಟುತ್ತಾರೋ ಇಲ್ಲವೋ ಅನ್ನುವುದು ಹೆಚ್ಚಾಗಿ ಹಾರುವ ಮೊದಲೇ, ಇಲ್ಲೇ ನೆಲದ ಮೇಲೆ, ತೀರ್ಮಾನ ಆಗಿರುತ್ತದೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ದೂರದ ಲೆಕ್ಕ ಮಾಡೋಣ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಪೆರಿಯದಲ್ಲಿ ಏರ್‌ಸ್ಟ್ರಿಪ್ ಮಾಡುವ ಮಾತು ಬಹಳ ಕಾಲದಿಂದ ಕೇಳುತ್ತಾ ಇದ್ದೇವೆ. ಹತ್ತಿರ ಇರುವುದು ಬಡಗಿಗೆ ಮಂಗಳೂರಿನ ಬಜ್ಪೆ ನಿಲ್ದಾಣ, ತೆಂಕಿಗೆ 2018ರ ಕೊನೆಗೆ ಶುರುವಾದ ಕಣ್ಣೂರು. ಬಜ್ಪೆಗೆ ಹೋಗಬೇಕಾದರೆ ಮಂಗಳೂರಿನ ಅಷ್ಟೂ ದೊಡ್ಡ ಆಸ್ಪತ್ರೆಗಳ ಪಕ್ಕದಲ್ಲೇ ಹೋಗಬೇಕು, ಅಲ್ವಾ? ಹಾಗಾಗಿ ಹೃದಯಾಘಾತ, ಪಾರ್ಶ್ವವಾಯು, ಅಪಘಾತ, ಇಂಥ ನಿಮಿಷದ ಲೆಕ್ಕದ ಕಾಯಿಲೆಗೆ ನಮ್ಮ ಊರಿನಿಂದ ವಿಮಾನದ ಯೋಚನೆ ಮಾಡುವುದೇ ಬೇಡ. ಹೃದಯಾಘಾತಕ್ಕೆ ಇಸಿಜಿ ಮಾಡಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಪಾರ್ಶ್ವವಾಯುವಿಗೆ ಅಂಥ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹಾವು ಕಚ್ಚಿದರೆ ಆಂಟಿವೆನಮ್ ಎಲ್ಲಿ ಇದೆ ಅಂತ ಕೇಳಿ, ಹೆಲಿಕಾಪ್ಟರ್ ಎಲ್ಲಿ ಇದೆ ಅಂತ ಕೇಳಬೇಡಿ.

ಬೆಂಗಳೂರಿಗೆ ಆದರೆ? ರಸ್ತೆಯಲ್ಲಿ ಘಾಟಿ ಹತ್ತಿ ಹೋಗಲು ಎಂಟೊಂಬತ್ತು ಗಂಟೆ ಬೇಕು. ವಿಮಾನ ಹಾರುವುದು ಒಂದು ಗಂಟೆ. ಕೇಳಲಿಕ್ಕೆ ಬಹಳ ಚಂದ. ಆದರೆ ಆ ವಿಮಾನ ಬಜ್ಪೆಯಲ್ಲಿ ನಿಂತಿರುವುದಿಲ್ಲ. ಸಾಮಾನ್ಯವಾಗಿ ಬೇರೆ ಊರಿನಿಂದ ಬರಬೇಕು. ತಂಡ ಒಟ್ಟಾಗಿ, ಅನುಮತಿ ಸಿಕ್ಕಿ, ಹಾರಿ ಬರುವಾಗ ಮೂರು ಗಂಟೆ ಆದೀತು. ತಂಡದವರು ಆಸ್ಪತ್ರೆಗೆ ಬಂದು ರೋಗಿಯನ್ನು ಸಿದ್ಧ ಮಾಡಬೇಕು. ಆಮೇಲೆ ಆಂಬ್ಯುಲೆನ್ಸಿನಲ್ಲಿ ನಿಲ್ದಾಣಕ್ಕೆ, ಅಲ್ಲಿ ಸ್ಟ್ರೆಚರ್ ಬದಲಿಸಿ ಒಳಗೆ, ಹಾರಾಟ, ಪುನಃ ಸ್ಟ್ರೆಚರ್ ಬದಲಿಸಿ ಇನ್ನೊಂದು ಆಂಬ್ಯುಲೆನ್ಸಿಗೆ, ಕೊನೆಗೆ ಬೆಂಗಳೂರಿನ ಟ್ರಾಫಿಕ್. ಈ ಹಾಸಿಗೆಯಿಂದ ಆ ಹಾಸಿಗೆಗೆ ಆರೇಳು ಗಂಟೆ ಹಿಡಿಯುವುದು ಸಾಮಾನ್ಯ. ನಾವು ಲೆಕ್ಕ ಹಾಕಬೇಕಾದದ್ದು ಈ ಹಾಸಿಗೆಯಿಂದ ಹಾಸಿಗೆಯ ಸಮಯವನ್ನು. ಇಷ್ಟೆಲ್ಲ ಆದ ಮೇಲೂ ಘಾಟಿ ರಸ್ತೆಯ ಕುಲುಕಾಟಕ್ಕಿಂತ ವಿಮಾನವೇ ವಾಸಿ ಅನ್ನಿಸುವ ರೋಗಿಗಳು ಇದ್ದಾರೆ. ವೆಂಟಿಲೇಟರಿನಲ್ಲಿದ್ದು, ಲಿವರ್ ಕಸಿ ಅಥವಾ ಶ್ವಾಸಕೋಶ ಕಸಿಯಂಥ ಚಿಕಿತ್ಸೆಗೆ ದೂರ ಹೋಗಲೇಬೇಕಾದವರು. ಕೋವಿಡ್ ಎರಡನೇ ಅಲೆಯಲ್ಲಿ ಎಕ್ಮೋ, ಅಂದರೆ ದೇಹದ ಹೊರಗಿನಿಂದ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ, ಜೋಡಿಸಿದ ರೋಗಿಗಳನ್ನೇ ವಿಮಾನದಲ್ಲಿ ಚೆನ್ನೈಗೆ, ಹೈದರಾಬಾದಿಗೆ ಕರೆದುಕೊಂಡು ಹೋದರು. ಸರಿಯಾದ ತಂಡ ಇದ್ದರೆ ಅದು ಆಗದ ಕೆಲಸ ಏನಲ್ಲ.

ಹೆಲಿಕಾಪ್ಟರ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2020ರ ಮಾರ್ಚ್ ಕೊನೆಗೆ, ಕೋವಿಡ್ ಶುರುವಿನಲ್ಲಿ, ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಈ 50 ಕಿಲೋಮೀಟರ್ ಎಷ್ಟು ಉದ್ದ ಅಂತ ನಮಗೆಲ್ಲ ಗೊತ್ತಾಯಿತು. ದಾರಿ ಸಿಗದೆ ಕೆಲವರು ತೀರಿಕೊಂಡರು. ಒಂದು ಹೆಲಿಕಾಪ್ಟರ್ ಆದರೂ ಬೇಕಿತ್ತು ಅಂತ ಆಗ ಹಲವರು ನನ್ನಲ್ಲಿ ಹೇಳಿದ್ದುಂಟು. ಆ ಸಂಕಟ ನನಗೂ ಇದೆ. ಆದರೆ ಆಟಿ ತಿಂಗಳ ಜೋರು ಮಳೆಯಲ್ಲಿ, ಮೋಡ ನೆಲಕ್ಕೆ ಇಳಿದಾಗ, ರಾತ್ರಿ ಹೊತ್ತಿನಲ್ಲಿ ಹೆಲಿಕಾಪ್ಟರ್ ನಮ್ಮ ಗುಡ್ಡಗಳ ನಡುವೆ ಇಳಿಯುವುದು ಸುಲಭ ಇಲ್ಲ. ಇಲ್ಲೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಪೂರ್ತಿ ಬಲದಲ್ಲಿ ನಡೆದರೆ ಅದು ಈ ಜಿಲ್ಲೆಗೆ ಹತ್ತು ಹೆಲಿಪ್ಯಾಡಿಗಿಂತ ದೊಡ್ಡದು. ಕೇಳುವುದಾದರೆ ಅದನ್ನು ಮೊದಲು ಕೇಳೋಣ.

2019ರ ಏಪ್ರಿಲಿನಲ್ಲಿ 15 ದಿನದ ಮಗುವನ್ನು ಮಂಗಳೂರಿನಿಂದ ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಕಾಸರಗೋಡಿನವರ ಮಗು, ಹೃದಯದ ತೊಂದರೆ. ಕೇರಳದ ಉದ್ದಕ್ಕೂ ಜನ ದಾರಿ ಬಿಟ್ಟುಕೊಟ್ಟರು. ಸುಮಾರು 400 ಕಿಲೋಮೀಟರನ್ನು ಐದೂವರೆ ಗಂಟೆಯಲ್ಲಿ ದಾಟಿದರು. ಎಲ್ಲರೂ ಹೊಗಳಿದ್ದು ಆ ವೇಗವನ್ನು. ಚಾಲಕನನ್ನು, ರಸ್ತೆಯಲ್ಲಿ ನಿಂತ ಹುಡುಗರನ್ನು ನಾನೂ ಮನಸ್ಸು ತುಂಬಿ ಹೊಗಳುತ್ತೇನೆ. ಆದರೆ ವೈದ್ಯನಾಗಿ ನನಗೆ ಅದರಲ್ಲಿ ದೊಡ್ಡದಾಗಿ ಕಂಡದ್ದು ಬೇರೆ. ಮಗು ಹೊರಟಿದ್ದು ತಿರುವನಂತಪುರಕ್ಕೆ. ಆಗಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಅವರು ನಡುವೆ ಬಂದು, ಕೊಚ್ಚಿಯಲ್ಲೇ ಚಿಕಿತ್ಸೆಗೆ ಏರ್ಪಾಡು ಮಾಡಿಸಿದರು. ಮಕ್ಕಳ ಹೃದಯ ಚಿಕಿತ್ಸೆಗೆ ಇರುವ ಹೃದ್ಯಂ ಯೋಜನೆಯಲ್ಲಿ ಖರ್ಚನ್ನು ಸರ್ಕಾರವೇ ನೋಡಿಕೊಂಡಿತು. ಅಂದರೆ ದಾರಿಯನ್ನೇ ಗಿಡ್ಡ ಮಾಡಿದರು, ಮುಟ್ಟುವ ಜಾಗದಲ್ಲಿ ಹಾಸಿಗೆ ಸಿದ್ಧ ಇಟ್ಟರು. ಇನ್ನೂ 200 ಕಿಲೋಮೀಟರ್ ಓಡಿಸುವುದಕ್ಕಿಂತ ಒಂದು ಫೋನು ಆ ಮಗುವಿಗೆ ಹೆಚ್ಚು ಉಪಕಾರ ಮಾಡಿತು.

ಈಗ ಮೇಲಕ್ಕೆ ಹೋದಾಗ ದೇಹಕ್ಕೆ ಏನಾಗುತ್ತದೆ ಅಂತ ನೋಡೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನೀವು ಇಲ್ಲಿಂದ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ತೆಗೆದುಕೊಂಡು ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ ಹೋಗಿದ್ದೀರಾ? ಮೇಲೆ ಮುಟ್ಟುವಾಗ ಪ್ಯಾಕೆಟ್ ಉಬ್ಬಿ ಬಿಗಿಯಾಗಿರುತ್ತದೆ. ಯಾರೂ ಅದಕ್ಕೆ ಗಾಳಿ ತುಂಬಿಲ್ಲ. ಹೊರಗಿನ ಗಾಳಿಯ ಒತ್ತಡ ಕಡಿಮೆ ಆಯಿತು, ಒಳಗಿದ್ದ ಗಾಳಿ ಹಿಗ್ಗಿತು, ಅಷ್ಟೆ. ವಿಮಾನದ ಒಳಗೂ ಇದೇ ಕತೆ. ವಿಮಾನ 35 ಸಾವಿರ ಅಡಿಯಲ್ಲಿ ಹಾರುವಾಗ ಒಳಗಡೆ ಗಾಳಿ ತುಂಬಿ ಒತ್ತಡ ಇಡುತ್ತಾರೆ ನಿಜ. ಆದರೆ ನೆಲದಷ್ಟು ಇಡುವುದಿಲ್ಲ. ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಎಷ್ಟು ಇರುತ್ತದೋ ಅಷ್ಟು. ಎಂಟು ಸಾವಿರ ಅಡಿ ಅಂದರೆ 2,400 ಮೀಟರಿಗೂ ಸ್ವಲ್ಪ ಜಾಸ್ತಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಕೇರಳದ ಆನಮುಡಿ 2,695. ಅಂದರೆ ನಿಮ್ಮ ಐಸಿಯು ರೋಗಿಯನ್ನು ಅರ್ಧ ಗಂಟೆಯೊಳಗೆ ಮುಳ್ಳಯ್ಯನಗಿರಿಗಿಂತ ಮೇಲೆ ಕೊಂಡುಹೋಗಿ ಮಲಗಿಸಿದ ಹಾಗೆ. ಅಲ್ಲಿ ನೆಲದ 100 ಮಿಲಿಲೀಟರ್ ಗಾಳಿ ಸುಮಾರು 135 ಆಗುತ್ತದೆ. ಮೂರನೇ ಒಂದು ಭಾಗ ಹಿಗ್ಗುತ್ತದೆ.

ನಮಗೆ ನಿಮಗೆ ಇದರಿಂದ ಕಿವಿ ಮುಚ್ಚಿದ ಹಾಗೆ ಆಗುತ್ತದೆ, ಅಷ್ಟೆ. ರೋಗಿಯ ಕತೆ ಬೇರೆ. ನಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಅಡಿಕೆ ಮರದಿಂದ ಬಿದ್ದವರು. ಪಕ್ಕೆಲುಬು ಮುರಿದಿರುತ್ತದೆ, ಶ್ವಾಸಕೋಶಕ್ಕೆ ಚೂರು ಚುಚ್ಚಿರುತ್ತದೆ, ಶ್ವಾಸಕೋಶದ ಹೊರಗೆ ಎದೆಗೂಡಿನೊಳಗೆ ಸ್ವಲ್ಪ ಗಾಳಿ ಸೇರಿಕೊಂಡಿರುತ್ತದೆ. ಎಕ್ಸ್‌ರೇಯಲ್ಲಿ ಸಣ್ಣದೊಂದು ಗೆರೆ. ನೆಲದ ಮೇಲೆ ಇದ್ದರೆ ಕಾದು ನೋಡಬಹುದು. ಆದರೆ ಅವರನ್ನು ವೆಂಟಿಲೇಟರಿನಲ್ಲಿ ಹಾಕಿ ಮೇಲೆ ಹಾರಿಸಿದರೆ ಆ ಗಾಳಿ ಹಿಗ್ಗುತ್ತದೆ, ವೆಂಟಿಲೇಟರ್ ಅದಕ್ಕೆ ಇನ್ನಷ್ಟು ತಳ್ಳುತ್ತದೆ. ಶ್ವಾಸಕೋಶ ಮುದುಡಿ, ಹೃದಯಕ್ಕೆ ರಕ್ತ ಬರುವ ದಾರಿಯೇ ಒತ್ತಿಹೋಗುತ್ತದೆ. ಆಗ ಬಿಪಿ ದಢಕ್ಕನೆ ಬೀಳುತ್ತದೆ. ಹಾಗಾಗಿ ಹಾರುವ ಮೊದಲೇ ಎದೆಗೆ ಟ್ಯೂಬ್ ಹಾಕಿ ಆ ಗಾಳಿಯನ್ನು ಹೊರಗೆ ಬಿಡಬೇಕು. "ಮೊದಲೇ ಇಷ್ಟು ಪೆಟ್ಟು, ಇನ್ನೊಂದು ತೂತು ಯಾಕೆ ಡಾಕ್ಟ್ರೇ?" ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ನಾನು ಅವರ ಕೈ ಹಿಡಿದು ಇದನ್ನೇ ವಿವರಿಸುತ್ತೇನೆ.

ಗಾಳಿ ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕುವುದೇ ನಮ್ಮ ಮೊದಲ ಕೆಲಸ. ಕರುಳು ಕಟ್ಟಿಕೊಂಡವರ ಹೊಟ್ಟೆಯಲ್ಲಿ ಇರುತ್ತದೆ, ಅವರಿಗೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಆ ಟ್ಯೂಬಿನ ಹೊರತುದಿ ತೆರೆದಿಡುತ್ತೇವೆ. ತಲೆಗೆ ಪೆಟ್ಟಾದವರ ತಲೆಬುರುಡೆಯೊಳಗೆ ಇರಬಹುದು, ಅದನ್ನು ಸ್ಕ್ಯಾನಿನಲ್ಲಿ ನೋಡಿಯೇ ಹೊರಡಬೇಕು. ಗಂಟಲಿಗೆ ಹಾಕಿದ ಉಸಿರಿನ ಟ್ಯೂಬಿನ ತುದಿಯಲ್ಲಿ ಸಣ್ಣ ಬಲೂನು ಇರುತ್ತದೆ. ಅದು ಮೇಲೆ ಉಬ್ಬಿದರೆ ಶ್ವಾಸನಾಳದ ಒಳಗೋಡೆಗೆ ಗಾಯ. ಕೆಲವರು ಅದಕ್ಕೆ ಗಾಳಿಯ ಬದಲು ಸಲೈನ್ ನೀರು ತುಂಬುತ್ತಾರೆ. ಕೆಲವರು ದಾರಿಯುದ್ದಕ್ಕೂ ಅದರ ಒತ್ತಡ ಅಳೆಯುತ್ತಾ ಇರುತ್ತಾರೆ. ಹೊಸ ಪ್ಲಾಸ್ಟರ್ ಹಾಕಿದ ಕಾಲು ಊದಿಕೊಳ್ಳುತ್ತದೆ. ಅದಕ್ಕೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಯೇ ಕಳಿಸುವುದು.

ಇನ್ನೊಂದು ವಿಷಯ, ಇದು ಆಂಬ್ಯುಲೆನ್ಸ್ ಹತ್ತದವರಿಗೂ ಬೇಕಾದದ್ದು. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗಿ ಕಣ್ಣಿನ ಆಪರೇಷನ್ ಆದವರಿಗೆ ಕೆಲವೊಮ್ಮೆ ಕಣ್ಣಿನೊಳಗೆ ಗ್ಯಾಸ್ ತುಂಬಿಸಿರುತ್ತಾರೆ. ಯಾವ ಗ್ಯಾಸ್ ಅನ್ನುವುದರ ಮೇಲೆ ಅದು ಕರಗಲು ಎರಡರಿಂದ ಎಂಟು ವಾರ ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಗಲ್ಫಿನಿಂದ ರಜೆಯಲ್ಲಿ ಬಂದು ಆಪರೇಷನ್ ಮಾಡಿಸಿ, ರಜೆ ಮುಗಿಯಿತು ಅಂತ ಹೊರಡುವವರು ದಯವಿಟ್ಟು ಕಣ್ಣಿನ ಡಾಕ್ಟರರನ್ನು ಕೇಳಿಯೇ ಟಿಕೆಟ್ ಮಾಡಿ. ಅಂಥವರು ಮಡಿಕೇರಿ ಘಾಟಿಯನ್ನೂ ಕೇಳದೆ ಹತ್ತಬಾರದು.

ಮೇಲೆ ಒತ್ತಡ ಕಡಿಮೆ ಆದಾಗ ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ. ಎಂಟು ಸಾವಿರ ಅಡಿಯಲ್ಲಿ ಉಸಿರಾಡುವುದು ಅಂದರೆ ನೆಲದ ಮೇಲೆ ಶೇ. 21ರ ಬದಲು ಶೇ. 15ರಷ್ಟು ಆಮ್ಲಜನಕ ಇರುವ ಗಾಳಿ ಕುಡಿದ ಹಾಗೆ. ಆರೋಗ್ಯವಂತರ ಬೆರಳಿಗೆ ಮೀಟರ್ ಹಾಕಿದರೂ 98 ಇದ್ದದ್ದು 90ರ ಹತ್ತಿರಕ್ಕೆ ಇಳಿಯಬಹುದು. ಹಾಗಿರುವಾಗ ಇಲ್ಲೇ ಮಾಸ್ಕ್ ಹಾಕಿಯೂ 91 ಇರುವವರ ಗತಿ ಏನು? ಅಂಥವರಿಗೆ ಪೈಲಟ್ ಹತ್ತಿರ ಮಾತಾಡಿ ಒಳಗಿನ ಒತ್ತಡವನ್ನು ನೆಲದ ಮಟ್ಟದಲ್ಲೇ ಇಡುವಂತೆ ಕೇಳುತ್ತೇವೆ. ಸಣ್ಣ ವಿಮಾನದಲ್ಲಿ ಅದು ಸಾಧ್ಯ. ಆಗ ವಿಮಾನ ಕೆಳಗೆ ಹಾರಬೇಕು, ಇಂಧನ ಜಾಸ್ತಿ ಬೇಕು, ಕುಲುಕಾಟವೂ ಜಾಸ್ತಿ. ಒಂದು ಕಡೆ ಉಳಿಸಲು ಹೋದರೆ ಇನ್ನೊಂದು ಕಡೆ ತೆರಬೇಕು. ಅದನ್ನು ತೂಗಿ ನೋಡುವುದು ಆ ತಂಡದ ಡಾಕ್ಟರರ ಕೆಲಸ.

ಆಕ್ಸಿಜನ್ ಲೆಕ್ಕವನ್ನು ನೀವೇ ಮಾಡಬಹುದು. ರಸ್ತೆಯ ಆಂಬ್ಯುಲೆನ್ಸಿಗೂ ಇದು ಅನ್ವಯ. ಆಂಬ್ಯುಲೆನ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಬಿ ಟೈಪ್ ಸಿಲಿಂಡರ್ ತುಂಬಿದಾಗ ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ 150 ನಿಮಿಷ. ಎರಡೂವರೆ ಗಂಟೆಗೆ ಖಾಲಿ. ಕಾಸರಗೋಡಿನಿಂದ ಬಜ್ಪೆಗೆ ಹೋಗಿ, ವಿಮಾನ ಒಂದು ಗಂಟೆ ತಡವಾದರೆ ಏನು ಉಳಿಯುತ್ತದೆ? ಅದಕ್ಕೇ ಬೇಕಾದದ್ದರ ಎರಡು ಪಾಲು ಇಟ್ಟುಕೊಂಡೇ ಹೊರಡುವುದು ಕ್ರಮ. ಚಾಲಕರನ್ನು "ಆಕ್ಸಿಜನ್ ಇದೆಯಾ?" ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. "ಎಷ್ಟು ಗಂಟೆಗೆ ಇದೆ?" ಅಂತ ಕೇಳಿ, ಮೀಟರಿನ ಮುಳ್ಳು ನೋಡಿ.

ನಡುವೆ ಒಂದು ಹಳೆಯ ಕತೆ ಹೇಳುತ್ತೇನೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ನೂರಾರು ಮೈಲಿಗೆ ಒಂದು ಮನೆ. ಜಾನ್ ಫ್ಲಿನ್ ಅನ್ನುವ ಪಾದ್ರಿಯೊಬ್ಬರು ಅಲ್ಲಿನ ಜನ ಡಾಕ್ಟರರಿಲ್ಲದೆ ಸಾಯುವುದನ್ನು ನೋಡಲಾರದೆ ವಿಮಾನದ ಡಾಕ್ಟರ್ ಸೇವೆಗೆ ವರ್ಷಗಟ್ಟಲೆ ಓಡಾಡಿದರು. 1928ರ ಮೇ 17ರಂದು ಕ್ಲಾನ್‌ಕರಿ ಅನ್ನುವ ಊರಿನಿಂದ ಮೊದಲ ವಿಮಾನ ಹೊರಟಿತು. ಆದರೆ ವಿಮಾನ ಬಂದಿತು ಅಂತ ಕಷ್ಟ ತೀರಲಿಲ್ಲ. ಆ ದೂರದ ಮನೆಯವರು ಡಾಕ್ಟರರನ್ನು ಕರೆಯುವುದು ಹೇಗೆ? ಕರೆಂಟ್ ಇಲ್ಲ. 1929ರಲ್ಲಿ ಆಲ್ಫ್ರೆಡ್ ಟ್ರೇಗರ್ ಅನ್ನುವವರು ಕಾಲಿನಿಂದ ಪೆಡಲ್ ತುಳಿದು ನಡೆಸುವ ರೇಡಿಯೋ ಮಾಡಿಕೊಟ್ಟರು. ಆಮೇಲೆ ಮನೆಮನೆಗೆ ಮದ್ದಿನ ಪೆಟ್ಟಿಗೆ ಇಟ್ಟರು, ಪ್ರತಿ ಮದ್ದಿಗೂ ಒಂದು ನಂಬರ್. ಡಾಕ್ಟರ್ ರೇಡಿಯೋದಲ್ಲಿ ಕೇಳಿ "ಇಂಥ ನಂಬರಿನ ಮಾತ್ರೆ ಕೊಡಿ" ಅನ್ನುತ್ತಿದ್ದರು. ಎಷ್ಟೋ ಸಲ ವಿಮಾನ ಹಾರುವ ಅಗತ್ಯವೇ ಬೀಳುತ್ತಿರಲಿಲ್ಲ. ರೋಗಿ ಇರುವಲ್ಲಿಗೆ ಚಿಕಿತ್ಸೆಯೇ ಹೋಗಬೇಕು ಅನ್ನುವ ಯೋಚನೆ ಬೆಳೆದದ್ದು ಹೀಗೆ. ಇವತ್ತು ನಮ್ಮ ಎಲ್ಲರ ಕಿಸೆಯಲ್ಲೂ ಫೋನು ಇದೆ. ಆದರೂ ನಾವು ಮೊದಲು ಫೋನು ಮಾಡುವುದು ಆಂಬ್ಯುಲೆನ್ಸಿಗೆ, ಡಾಕ್ಟರರಿಗೆ ಮಾಡುವುದು ದಾರಿ ಅರ್ಧ ಆದ ಮೇಲೆ.

ಒಳ್ಳೆಯ ಏರ್ ಆಂಬ್ಯುಲೆನ್ಸ್ ತಂಡವನ್ನು ಗುರುತಿಸುವುದು ಹೇಗೆ ಅಂತ ಕೇಳಿದರೆ ನಾನು ಹೇಳುವುದು, ಅವರು ಬಂದ ಕೂಡಲೇ ಹೊರಡುವುದಿಲ್ಲ. ಐಸಿಯುವಿನಲ್ಲಿ ರೋಗಿಯ ಹತ್ತಿರ ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ನಿಲ್ಲುತ್ತಾರೆ. ಹೊರಗೆ ಮನೆಯವರಿಗೆ ಜೀವ ಹೋಗುತ್ತಾ ಇರುತ್ತದೆ. "ವಿಮಾನ ಅಲ್ಲಿ ಕಾಯ್ತಾ ಇದೆ, ಇವರು ಇಲ್ಲಿ ಸುಮ್ನೆ ಏನು ಮಾಡ್ತಾ ಇದ್ದಾರೆ?" ಅನ್ನುತ್ತಾರೆ. ಅವರು ಮಾಡುತ್ತಿರುವುದು ಬಹಳ ದೊಡ್ಡ ಕೆಲಸ. ಉಸಿರಿನ ಟ್ಯೂಬ್ ಬೇಕಾಗಬಹುದು ಅನ್ನುವ ಸಂಶಯ ಇದ್ದರೆ ಇಲ್ಲೇ ಹಾಕುತ್ತಾರೆ. ಒಂದು ಡ್ರಿಪ್ ಲೈನ್ ಇದ್ದರೆ ಇನ್ನೊಂದು ಹಾಕುತ್ತಾರೆ. ರಕ್ತ ಕಡಿಮೆ ಇದ್ದರೆ ಕೊಟ್ಟು ಮುಗಿಸುತ್ತಾರೆ. ರೋಗಿಯನ್ನು ತಮ್ಮ ವೆಂಟಿಲೇಟರಿಗೆ ಬದಲಿಸಿ, ಅದು ಒಗ್ಗಿತೇ ಅಂತ ಕಾದು ನೋಡುತ್ತಾರೆ. ಯಾಕೆ? ಆ ವಿಮಾನದ ಒಳಗೆ ನಿಂತುಕೊಳ್ಳಲೂ ಆಗುವುದಿಲ್ಲ. ರೋಗಿಯ ಒಂದು ಬದಿಗೆ ಮಾತ್ರ ಕೈ ಹೋಗುತ್ತದೆ, ಇನ್ನೊಂದು ಬದಿ ಗೋಡೆ. ಇಲ್ಲಿ ಎರಡು ನಿಮಿಷದಲ್ಲಿ ಮಾಡುವ ಕೆಲಸ ಅಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಕೆಲವೊಮ್ಮೆ ಆಗುವುದೇ ಇಲ್ಲ.

ಶಬ್ದದ ವಿಷಯವನ್ನು ಜನ ಊಹಿಸುವುದೇ ಇಲ್ಲ. ಇಂಜಿನ್ ಸದ್ದಿನಲ್ಲಿ ಸ್ಟೆತೋಸ್ಕೋಪ್ ಕೆಲಸಕ್ಕೆ ಬರುವುದಿಲ್ಲ. ಯಂತ್ರದ ಅಲಾರಂ ಕೂಡ ಕೇಳಿಸದೆ ಹೋಗಬಹುದು. ಅಲ್ಲಿ ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು. ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈ ಆಕ್ಸೈಡ್ ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ ಇದೆ, ಕ್ಯಾಪ್ನೋಗ್ರಾಫ್. ಟ್ಯೂಬ್ ಜಾರಿದರೆ ಆ ಅಲೆ ಕೂಡಲೇ ಮಲಗುತ್ತದೆ. ವೆಂಟಿಲೇಟರ್ ರೋಗಿಯನ್ನು ಈ ಯಂತ್ರ ಇಲ್ಲದೆ ಕೊಂಡುಹೋಗುವ ತಂಡವನ್ನು ನಾನು ಒಪ್ಪುವುದಿಲ್ಲ. ವಿಮಾನ ಓಡಿ ಮೇಲೆ ಏಳುವಾಗ ಮಲಗಿದ ರೋಗಿಯ ರಕ್ತ ಹಿಂದಕ್ಕೆ ಜಗ್ಗುತ್ತದೆ. ತಲೆ ಮುಂದಿದ್ದರೆ ರಕ್ತ ಕಾಲಿನ ಕಡೆಗೆ. ಬಿಪಿ ಮೊದಲೇ ಕಡಿಮೆ ಇದ್ದವರಿಗೆ ಆ ಅರ್ಧ ನಿಮಿಷವೂ ಅಪಾಯ. ಅದಕ್ಕೇ ಮೆಲ್ಲಗೆ ಏಳಿಸಿ ಅಂತ ಪೈಲಟಿಗೆ ಮೊದಲೇ ಹೇಳಿಡುತ್ತಾರೆ. ಒಳಗಿನ ಗಾಳಿ ತುಂಬಾ ಒಣ. ಗಂಟಲಿನ ಕಫ ಗಟ್ಟಿಯಾಗಿ ಟ್ಯೂಬ್ ಕಟ್ಟಿಕೊಳ್ಳಬಹುದು. ಚಳಿಯೂ ಇರುತ್ತದೆ.

ಚಳಿ ಅಂದಾಗ ನವಜಾತ ಶಿಶುಗಳ ಮಾತು ಬಂತು. ತಿಂಗಳು ತುಂಬದೆ ಹುಟ್ಟಿದ ಮಗುವನ್ನು ನಮ್ಮ ಊರಿನ ಆಸ್ಪತ್ರೆಯಿಂದ ಮಂಗಳೂರಿಗೆ ಕಳಿಸುವಾಗ ಎಲ್ಲರೂ ವೇಗದ ಬಗ್ಗೆ ಯೋಚಿಸುತ್ತಾರೆ. ಮಗು ತಣ್ಣಗಾದರೆ ಸಕ್ಕರೆ ಇಳಿಯುತ್ತದೆ, ಉಸಿರು ಕೆಡುತ್ತದೆ. ಒಂದು ಗಂಟೆ ಮೊದಲು ಮುಟ್ಟಿ, ತಣ್ಣಗಾದ ಮಗುವನ್ನು ಕೊಟ್ಟರೆ ಏನು ಬಂತು? ಬೆಚ್ಚಗಿನ ಇನ್‌ಕ್ಯುಬೇಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಮಗುವಿನ ಸ್ಥಿತಿ ಬಿಟ್ಟುಕೊಟ್ಟರೆ, ಅಮ್ಮನ ಅಥವಾ ಅಜ್ಜಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ಮೇಲೆ ಹೊದೆಸಿ ಕರೆದುಕೊಂಡು ಹೋಗಬಹುದು. ಅಪ್ಪನ ಎದೆಯೂ ಆಗುತ್ತದೆ. ಬಾಣಂತಿ ಆಸ್ಪತ್ರೆಯಲ್ಲೇ ಉಳಿಯಬೇಕಾದಾಗ ಅಪ್ಪಂದಿರು ಹಿಂಜರಿಯಬಾರದು.

ಪೈಲಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 2011ರ ಮೇ 25ರ ರಾತ್ರಿ ಪಾಟ್ನಾದಿಂದ ದೆಹಲಿಗೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಸಿಕ್ಕಿ ಫರೀದಾಬಾದಿನಲ್ಲಿ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 7 ಜನ, ನೆಲದ ಮೇಲಿದ್ದ 3 ಜನ ಸತ್ತರು. ಅದರಲ್ಲಿ ರೋಗಿಯ ಜೊತೆಗೆ ಹೋದ ಡಾಕ್ಟರ್, ನರ್ಸ್ ಇದ್ದರು. ಜಗತ್ತಿನ ಎಷ್ಟೋ ಒಳ್ಳೆಯ ಸೇವೆಗಳಲ್ಲಿ ಒಂದು ನಿಯಮ ಇದೆ. ಹಾರುವ ತೀರ್ಮಾನ ಆಗುವ ತನಕ ರೋಗಿ ಯಾರು, ಎಷ್ಟು ಗಂಭೀರ ಅಂತ ಪೈಲಟಿಗೆ ಹೇಳುವುದೇ ಇಲ್ಲ. ಇಂಥ ಜಾಗದಿಂದ ಇಂಥ ಜಾಗಕ್ಕೆ, ಹವೆ ಹೀಗಿದೆ, ಹಾರಬಹುದೇ ಇಲ್ಲವೇ, ಇಷ್ಟೇ ಪ್ರಶ್ನೆ. ಚಿಕ್ಕ ಮಗು ಅಂತ ಗೊತ್ತಾದರೆ ಯಾವ ಪೈಲಟಿನ ಮನಸ್ಸು ಕರಗುವುದಿಲ್ಲ ಹೇಳಿ? ಆ ಕರಗಿದ ಮನಸ್ಸು ಮೋಡದೊಳಗೆ ನುಗ್ಗುತ್ತದೆ. ಬಜ್ಪೆ ಗುಡ್ಡದ ತಲೆಯ ಮೇಲಿರುವ ರನ್‌ವೇ. ಜೂನ್‌, ಜುಲೈಯಲ್ಲಿ ಅಲ್ಲಿ ಮಳೆ, ಮಂಜು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಈಗ ಆಗುವುದಿಲ್ಲ ಅಂತ ಪೈಲಟ್ ಹೇಳಿದರೆ ಅವರ ಕಾಲಿಗೆ ಬೀಳಬೇಡಿ, ಜಾಸ್ತಿ ದುಡ್ಡು ಕೊಡುತ್ತೇವೆ ಅನ್ನಬೇಡಿ.

ಇಲ್ಲಿ ಕುಳಿತವರಲ್ಲಿ ಅರ್ಧ ಮನೆಗಳ ಯಾರಾದರೊಬ್ಬರು ದುಬೈ, ದೋಹಾ, ಮಸ್ಕತ್ ಕಡೆ ಇರಬಹುದು. ನಮ್ಮ ಜಿಲ್ಲೆಯವರು ಕಾಯಿಲೆ ಬಿದ್ದು ವಿಮಾನದಲ್ಲಿ ಬರುವುದು ಹೆಚ್ಚಾಗಿ ಆ ದಾರಿಯಲ್ಲೇ. ಅದಕ್ಕೆ ಬೇರೆ ಏರ್ ಆಂಬ್ಯುಲೆನ್ಸ್ ಬೇಕೆಂದಿಲ್ಲ. ಸ್ಥಿತಿ ತಹಬದಿಗೆ ಬಂದಿದ್ದರೆ, ಮಾಮೂಲಿ ಪ್ರಯಾಣಿಕ ವಿಮಾನದಲ್ಲೇ ಹಿಂದಿನ ಕೆಲವು ಸಾಲು ಸೀಟು ಮಡಚಿ, ಅದರ ಮೇಲೆ ಸ್ಟ್ರೆಚರ್ ಕಟ್ಟಿ, ಪರದೆ ಹಾಕಿ ಕರೆತರುತ್ತಾರೆ. ಎಲ್ಲ ಕಂಪನಿಗಳೂ ಇದನ್ನು ಮಾಡುವುದಿಲ್ಲ. ಮಾಡುವವರು ಮಡಚಿದ ಸೀಟುಗಳ ದುಡ್ಡು ಕೇಳುತ್ತಾರೆ. ಅಲ್ಲಿನ ಡಾಕ್ಟರ್ ರೋಗಿಯ ಸ್ಥಿತಿ ತಿಳಿಸುವ ಮೆಡಿಫ್ ಅನ್ನುವ ಫಾರ್ಮ್ ತುಂಬಬೇಕು, ವಿಮಾನ ಕಂಪನಿಯ ಡಾಕ್ಟರ್ ಒಪ್ಪಬೇಕು. ಎರಡು ಮೂರು ದಿನವಾದರೂ ಮೊದಲೇ ಕೊಡಬೇಕು. ಆ ಫಾರ್ಮಿನಲ್ಲಿ ಏನನ್ನೂ ಮುಚ್ಚಿಡಬಾರದು. ಹೇಗಾದರೂ ಊರು ಸೇರಲಿ ಅಂತ ಅಲ್ಲಿನ ಗೆಳೆಯರು "ಆಕ್ಸಿಜನ್ ಬೇಡ" ಅಂತ ಬರೆಸಿಬಿಡುವುದಿದೆ. ಪ್ರಯಾಣಿಕ ವಿಮಾನಕ್ಕೆ ನಮ್ಮ ಸಿಲಿಂಡರ್ ಕೊಂಡುಹೋಗಲು ಬಿಡುವುದಿಲ್ಲ. ಒಬ್ಬ ರೋಗಿಗೋಸ್ಕರ ಆ ವಿಮಾನ ಕೆಳಗೆ ಹಾರುವುದೂ ಇಲ್ಲ. ಮೂರೂವರೆ ಗಂಟೆ ಅವರು ಮುಳ್ಳಯ್ಯನಗಿರಿಯ ಗಾಳಿಯಲ್ಲೇ ಇರಬೇಕು. ಆಮೇಲೆ ಅರಬ್ಬಿ ಸಮುದ್ರದ ಮೇಲೆ ಉಸಿರು ಕಟ್ಟಿದರೆ ಇಳಿಯಲು ಜಾಗ ಇಲ್ಲ. ಹೃದಯಾಘಾತ ಆದವರು, ಹೊಟ್ಟೆಯ ದೊಡ್ಡ ಆಪರೇಷನ್ ಆದವರು ಸುಮಾರು ಹತ್ತು ದಿನವಾದರೂ ಕಾಯಬೇಕು, ಅದಕ್ಕೂ ಮೊದಲು ಹಾರಬೇಕಾದರೆ ಡಾಕ್ಟರ್ ಪ್ರತ್ಯೇಕವಾಗಿ ನೋಡಿ ಹೇಳಬೇಕು. ಹೊಸ ಪ್ಲಾಸ್ಟರ್ ಆದರೆ ಗಲ್ಫ್ ದಾರಿಗೆ ಎರಡು ದಿನ.

ದುಡ್ಡು ಕೊಡುವ ಮೊದಲು ಏನು ಕೇಳಬೇಕು ಅಂತ ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಏರ್ ಆಂಬ್ಯುಲೆನ್ಸಿಗೆ ಹಲವು ಲಕ್ಷ ಹೋಗುತ್ತದೆ, ಹಾಗಾಗಿ ನಾಚಿಕೆ ಬಿಟ್ಟು ಕೇಳಿ. ಜೊತೆಗೆ ಬರುವ ಡಾಕ್ಟರ್ ಏನು ಓದಿದವರು, ಐಸಿಯು ಅಥವಾ ಅರಿವಳಿಕೆ ಕೆಲಸ ಗೊತ್ತಿದ್ದವರಾ? ಎರಡೂ ಕಡೆಯ ರಸ್ತೆ ಆಂಬ್ಯುಲೆನ್ಸ್ ಈ ದುಡ್ಡಿನಲ್ಲೇ ಬರುತ್ತದಾ? ಹವೆ ಕೆಟ್ಟು ಬೇರೆ ಊರಲ್ಲಿ ಇಳಿದರೆ ಯಾರು ನೋಡಿಕೊಳ್ಳುತ್ತಾರೆ? ತಂಡ ಬಂದು ನೋಡಿ "ಇವರು ಹಾರುವ ಸ್ಥಿತಿಯಲ್ಲಿ ಇಲ್ಲ" ಅಂದರೆ ದುಡ್ಡು ಎಷ್ಟು ವಾಪಸ್ ಬರುತ್ತದೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹಾರದಿದ್ದರೆ ತನಗೆ ನಷ್ಟ ಅನ್ನುವ ಕಂಪನಿ ಯಾವ ರೋಗಿಯನ್ನೂ ಬೇಡ ಅನ್ನುವುದಿಲ್ಲ. ಮುಟ್ಟುವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ ಅಂತ ರಿಸೆಪ್ಶನ್ ಹೇಳಿದರೆ ಸಾಲದು. ಇಲ್ಲಿನ ಡಾಕ್ಟರ್ ಅಲ್ಲಿನ ಡಾಕ್ಟರ್ ಹತ್ತಿರ ನೇರ ಮಾತಾಡಿರಬೇಕು, ಅವರ ಹೆಸರು ನಿಮ್ಮ ಕೈಯಲ್ಲಿ ಬರೆದಿರಬೇಕು. ಸ್ಕ್ಯಾನಿನ ಸಿಡಿ ಬಿಟ್ಟುಹೋದರೆ ಅಲ್ಲಿ ಪುನಃ ಸ್ಕ್ಯಾನ್, ಪುನಃ ಖರ್ಚು. ಆರೋಗ್ಯ ವಿಮೆ ಇದ್ದವರು ಅದರಲ್ಲಿ ಏರ್ ಆಂಬ್ಯುಲೆನ್ಸ್ ಸೇರಿದೆಯಾ, ಎಷ್ಟರ ತನಕ ಅಂತ ಇವತ್ತೇ ಮನೆಗೆ ಹೋಗಿ ಓದಿ.

ಇನ್ನು ಉಳಿದದ್ದು ಕಷ್ಟದ ವಿಷಯ. ಕೆಲವರನ್ನು ಗುಣ ಮಾಡಲು ಕರೆದುಕೊಂಡು ಹೋಗುವುದಲ್ಲ, ಮನೆಗೆ ಕರೆತರುವುದು. ಕ್ಯಾನ್ಸರ್ ಕೊನೆಯ ಹಂತದಲ್ಲಿದೆ, ಇನ್ನು ಚಿಕಿತ್ಸೆ ಇಲ್ಲ ಅಂತ ಅಲ್ಲಿನ ಡಾಕ್ಟರ್ ಹೇಳಿದ್ದಾರೆ, ಅಪ್ಪನಿಗೆ ಊರಿನ ಮನೆಯಲ್ಲೇ ಕಣ್ಣು ಮುಚ್ಚಬೇಕು ಅಂತ ಆಸೆ. ಇಂಥ ಪ್ರಯಾಣವನ್ನು ದುಂದು ಅಂತ ಹೇಳುವವರ ಜೊತೆ ನನಗೆ ಜಗಳ ಇದೆ. ಮನುಷ್ಯನ ಕೊನೆಯ ಆಸೆಗಿಂತ ಒಳ್ಳೆಯ ಕಾರಣ ಯಾವುದಿದೆ? ಆದರೆ ಆಗಲೂ ತಯಾರಿ ಬೇಕು. ದಾರಿಯಲ್ಲಿ ಉಸಿರು ನಿಂತರೆ ಏನು ಮಾಡಬೇಕು, ಎದೆ ಒತ್ತುವುದಾ ಬೇಡವಾ ಅಂತ ಮನೆಯವರು, ಡಾಕ್ಟರ್ ಮೊದಲೇ ಕೂತು ಮಾತಾಡಿ ಬರೆದಿಡಬೇಕು. ನೋವಿನ ಮದ್ದು ದಾರಿಗೆ ಸಾಕಷ್ಟು ಇರಬೇಕು. ಗಲ್ಫಿನಿಂದ ಮಾರ್ಫಿನ್ ತರುವುದಾದರೆ ಅಲ್ಲಿನ ಆಸ್ಪತ್ರೆಯ ಪತ್ರ ಇಲ್ಲದೆ ಒಂದು ಮಾತ್ರೆಯನ್ನೂ ಚೀಲದಲ್ಲಿ ಇಡಬೇಡಿ. ಕಾನೂನು ಎರಡೂ ಕಡೆ ಬಹಳ ಬಿಗಿ. ಊರಿನಲ್ಲಿ ನಮಗೆ ಒಂದು ದೊಡ್ಡ ಬಲ ಇದೆ. ಉಪಶಾಮಕ (ಪಾಲಿಯೇಟಿವ್) ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಗೆ, ನೀತಿ ಮಾಡಿದ ಮೊದಲ ರಾಜ್ಯ ಕೇರಳ, 2008ರಲ್ಲಿ. ಅದರಿಂದಾಗಿ ನಮ್ಮ ಪಂಚಾಯತುಗಳಲ್ಲಿ ಮನೆಗೇ ಬರುವ ಪಾಲಿಯೇಟಿವ್ ನರ್ಸ್ ಇದ್ದಾರೆ. ಟಿಕೆಟ್ ಮಾಡುವ ಮೊದಲು ಅವರಿಗೆ ಫೋನು ಮಾಡಿ. ರೋಗಿ ಬಜ್ಪೆಯಲ್ಲಿ ಇಳಿಯುವ ದಿನ, ಗಾಳಿ ಹಾಸಿಗೆ ಬೇಕಾ, ಆಕ್ಸಿಜನ್ ಯಂತ್ರ ಬೇಕಾ, ಮೂತ್ರದ ಟ್ಯೂಬ್ ಯಾವಾಗ ಬದಲಿಸಬೇಕು ಎಲ್ಲ ಹೇಳಿ. ಆ ನರ್ಸ್ ಅದೇ ಸಂಜೆ ನಿಮ್ಮ ಮನೆಯಲ್ಲಿ ಇರುವಂತೆ ಮಾತಾಡಿಕೊಳ್ಳಿ. ಮೊದಲ ರಾತ್ರಿ ನೋವು ಜಾಸ್ತಿಯಾದರೆ ಯಾರಿಗೆ ಕರೆ ಮಾಡಬೇಕು ಅನ್ನುವ ನಂಬರನ್ನು ಅವರ ಹತ್ತಿರ ಕೇಳಿ ಬರೆದುಕೊಳ್ಳಿ.